ಬೇರೆಯಾದ ತಂದೆತಾಯಿಗಳೂ ಮಗುವಿನ ಹಿತವೂ

ದಂಪತಿ ಬೇರೆಯಾದಾಗ ಮಗುವಿನ ವಿಷಯದಲ್ಲಿ ಏಳುವ ವ್ಯಾಜ್ಯದಲ್ಲಿ ಸುಪರ್ದು, ಅಂದರೆ ಮಗುವನ್ನು ಜೊತೆಯಲ್ಲಿಟ್ಟುಕೊಂಡು ಸಾಕುವ ಅಧಿಕಾರ, ಮತ್ತು ಪಾಲಕತ್ವ, ಅಂದರೆ ಮಗುವಿನ ಪರವಾಗಿ ಆಸ್ತಿ ಮೊದಲಾದ ವಿಷಯಗಳಲ್ಲಿ ನಿರ್ಧಾರ ಕೈಗೊಳ್ಳುವ ಅಧಿಕಾರ, ಇವೆರಡೂ ಒಂದೇ ಅಲ್ಲವೆಂಬುದನ್ನು ಹೆತ್ತವರು ಮೊದಲು ಅರಿಯಬೇಕು. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಅಧಿನಿಯಮವು ಐದು ವರ್ಷ ತುಂಬದ ಮಗುವಿನ ಸುಪರ್ದು ಸಾಮಾನ್ಯವಾಗಿ ತಾಯಿಗೆ ಸೇರಬೇಕೆಂದು ಹೇಳುತ್ತದೆಯಾದರೂ, ನ್ಯಾಯಾಲಯದ ತಕ್ಕಡಿಯಲ್ಲಿ ಹೆತ್ತವರ ಹಕ್ಕಿಗಿಂತ ಮಗುವಿನ ಹಿತವೇ ಹೆಚ್ಚು ತೂಗುತ್ತದೆ. ತಿಳಿವಳಿಕೆ ಬಂದ ಮಗುವಿನ ಇಚ್ಛೆಯನ್ನೂ ನ್ಯಾಯಾಧೀಶರು ಪರಿಗಣಿಸಬಹುದು.

ಜೀವನಾಂಶವೆಂದರೆ ಅನ್ನ, ಬಟ್ಟೆ, ವಸತಿ, ಶಿಕ್ಷಣ, ಔಷಧೋಪಚಾರಗಳಿಗೆ ಸಲ್ಲಬೇಕಾದ ಹಣ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಕಲಮಿನನ್ವಯ ಯಾವ ಧರ್ಮದವರಾದರೂ ಇದನ್ನು ಕೋರಬಹುದಾಗಿದ್ದು, ಮೊಕದ್ದಮೆ ಮುಗಿಯುವವರೆಗಿನ ಖರ್ಚಿಗಾಗಿ ಸಲ್ಲಿಸುವ ಮಧ್ಯಂತರ ಜೀವನಾಂಶದ ಅರ್ಜಿಯನ್ನು, ಎದುರುದಾರರಿಗೆ ನೋಟಿಸು ತಲುಪಿದ 60 ದಿನಗಳೊಳಗೆ ಸಾಧ್ಯವಾದಮಟ್ಟಿಗೆ ಇತ್ಯರ್ಥಗೊಳಿಸಬೇಕೆಂದು ಅದು ವಿಧಿಸುತ್ತದೆ. 2020ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲಗಳನ್ನು ಪ್ರಮಾಣಪತ್ರದಲ್ಲಿ ತಿಳಿಸಬೇಕಾಗುವುದರಿಂದ, ಸಂಬಳದ ಚೀಟಿ, ಬ್ಯಾಂಕಿನ ವಿವರ, ಶಾಲಾ ಶುಲ್ಕದ ರಸೀದಿಗಳನ್ನು ಜೋಪಾನವಾಗಿ ಇಟ್ಟುಕೊಳ್ಳುವುದು ಒಳಿತು.

ಸುಪರ್ದಿನ ಆದೇಶವಾಗಲಿ ಜೀವನಾಂಶದ ಮೊತ್ತವಾಗಲಿ ಕಲ್ಲಿನ ಮೇಲೆ ಕೆತ್ತಿದ್ದಲ್ಲ. ಪರಿಸ್ಥಿತಿ ಬದಲಾದರೆ ಮಾರ್ಪಾಡು ಕೋರಬಹುದು. ಆದರೆ ಮಗುವಿನ ಭೇಟಿಗೆ ಬಿಡಲಿಲ್ಲವೆಂದು ಹಣ ತಡೆಯುವುದಾಗಲಿ, ಹಣ ಬರಲಿಲ್ಲವೆಂದು ಭೇಟಿ ತಪ್ಪಿಸುವುದಾಗಲಿ ಸಲ್ಲದು; ಎರಡೂ ಮಗುವಿಗೇ ಸೇರಿದ ಹಕ್ಕುಗಳೆಂದು ಬಗೆದು, ತಕರಾರನ್ನು ಕೌಟುಂಬಿಕ ನ್ಯಾಯಾಲಯದ ಮುಂದಿಡುವುದೇ ವಿವೇಕ.