ಗ್ರಂಥಾಲಯವೂ ಗ್ರಂಥಪಾಲಕರೂ

ಕಲಿತ ಅಕ್ಷರವನ್ನು ಬಳಸದೆ ಬಿಟ್ಟರೆ ಅದು ಮರೆತುಹೋಗುವದೆಂಬದು ಎಲ್ಲರೂ ಬಲ್ಲ ಸಂಗತಿಯು. ಹತ್ತನೆಯ ತರಗತಿಯ ಪರೀಕ್ಷೆ ಮುಗಿದ ದಿನ ಪಠ್ಯಪುಸ್ತಕಗಳನ್ನು ಕಟ್ಟಿ ಅಟ್ಟದ ಮೇಲಿಟ್ಟು, ಆ ಬಳಿಕ ಹತ್ತು ವರುಷಗಳಾದರೂ ಒಂದು ಪುಸ್ತಕವನ್ನು ಮೊದಲಿನಿಂದ ಕೊನೆಯ ತನಕ ಓದದೆ ಇರುವ ಹೆಣ್ಣುಮಕ್ಕಳು ನಮ್ಮಲ್ಲಿ ಎಷ್ಟು ಮಂದಿ ಇಲ್ಲ! ಇದಕ್ಕೆ ಅವರ ಸೋಮಾರಿತನವೇ ಕಾರಣವೆಂದು ನಾವು ಹೇಳಲಾರೆವು. ಮನೆಗೆಲಸ, ಮಕ್ಕಳ ಆರೈಕೆ, ಉದ್ಯೋಗ ಇವುಗಳ ನಡುವೆ ಪುಸ್ತಕವು ತಾನಾಗಿ ಕೈಗೆ ಬಾರದು. ಕೊಂಡು ಓದುವೆವೆಂದರೆ ಹಣ ಬೇಕು. ಮೊಬೈಲಿನಲ್ಲಿ ಓದಲು ಬೇಕಾದಷ್ಟು ಇದೆಯಲ್ಲಾ ಎಂದು ಕೆಲವರು ಹೇಳಬಹುದು. ಇರುವದು ನಿಜ. ಆದರೆ ಅಲ್ಲಿ ನಿಜವೂ ಸುಳ್ಳೂ ಒಂದೇ ವೇಷದಲ್ಲಿ ಬರುವವು; ಯಾವದನ್ನು ನಂಬಬೇಕೆಂದು ಕೇಳಿದರೆ ಹೇಳುವವರು ಬಳಿಯಲ್ಲಿ ಇರುವದಿಲ್ಲ.

ಹೀಗಿರುವದರಿಂದ ಶಾಲೆ ಬಿಟ್ಟವರಿಗೆ ಶಾಲೆಯು ಯಾವದು ಎಂಬ ಪ್ರಶ್ನೆಯನ್ನು ಈ ಸಂಚಿಕೆಯಲ್ಲಿ ಎತ್ತುವದು ಅಪ್ರಸ್ತುತವಾಗಲಾರದೆಂದು ನಂಬಿ, ಸಾರ್ವಜನಿಕ ಗ್ರಂಥಾಲಯದ ವಿಷಯವಾಗಿ ಕೆಲವು ಮಾತುಗಳನ್ನು ಬರೆಯುತ್ತೇವೆ. ಜಾತಿ, ಮತ, ವಯಸ್ಸು, ಸ್ಥಿತಿಗತಿಗಳ ಭೇದವಿಲ್ಲದೆ ಎಲ್ಲರಿಗೂ ತೆರೆದಿರುವದೂ, ಜನರು ಕೊಟ್ಟ ತೆರಿಗೆಯಿಂದಲೇ ನಡೆಯುವದೂ ಆದ ಪುಸ್ತಕಶಾಲೆಗೆ ಸಾರ್ವಜನಿಕ ಗ್ರಂಥಾಲಯವೆಂದು ಹೆಸರು. ಆದರೆ ಕಟ್ಟಡವೂ ಕಪಾಟುಗಳೂ ಇದ್ದ ಮಾತ್ರದಿಂದ ಗ್ರಂಥಾಲಯವಾಗಲಿಲ್ಲ. ಓದುವವರನ್ನು ಹುಡುಕಿಕೊಂಡು ಹೊರಗೆ ಹೊರಡುವ ಒಬ್ಬ ಗ್ರಂಥಪಾಲಕನು ಇಲ್ಲದಿದ್ದರೆ ಅದು ಪುಸ್ತಕಗಳ ಉಗ್ರಾಣವೇ ಸರಿ.

ಈ ಮಾತನ್ನು ನಮ್ಮ ದೇಶದಲ್ಲಿ ಮೊದಲು ಕಾರ್ಯದಲ್ಲಿ ತೋರಿಸಿದ್ದು ಬರೋಡಾ ಸಂಸ್ಥಾನವು. ಅಲ್ಲಿಯ ಮಹಾರಾಜರಾದ ಮೂರನೆಯ ಸಯಾಜಿರಾವ್ ಗಾಯಕವಾಡರು ೧೯೦೬ರಲ್ಲಿ ಪ್ರಾಥಮಿಕ ವಿದ್ಯೆಯನ್ನು ತಮ್ಮ ಸಂಸ್ಥಾನದಲ್ಲೆಲ್ಲ ಕಡ್ಡಾಯ ಮಾಡಿದರು. ಮಕ್ಕಳು ಕಲಿತರು, ಆದರೆ ಕಲಿತದ್ದನ್ನು ಉಳಿಸಿಕೊಳ್ಳಲು ಹಳ್ಳಿಯಲ್ಲಿ ಓದುವ ವಸ್ತುವೇ ಇಲ್ಲದಿದ್ದರೆ ಕಲಿಸಿದ ಶ್ರಮವು ವ್ಯರ್ಥವಲ್ಲವೇ? ಆದಕಾರಣ ಮಹಾರಾಜರು ೧೯೧೦ರಲ್ಲಿ ಅಮೇರಿಕೆಯಿಂದ ವಿಲಿಯಂ ಬೋರ್ಡನ್ ಎಂಬ ಗ್ರಂಥಪಾಲಕರನ್ನು ಕರೆಯಿಸಿದರು. ಬೋರ್ಡನ್ನರು ಮೂರು ವರುಷ ಅಲ್ಲಿದ್ದು ರಾಜಧಾನಿಯಲ್ಲಿ ಕೇಂದ್ರ ಗ್ರಂಥಾಲಯವನ್ನು ಏರ್ಪಡಿಸಿ, ಗ್ರಂಥಪಾಲನೆಯ ಕೆಲಸವನ್ನು ಕಲಿಸುವ ತರಗತಿಯೊಂದನ್ನು ತೆರೆದರು. ಯಾವ ಹಳ್ಳಿಯು ತನ್ನ ಗ್ರಂಥಾಲಯಕ್ಕಾಗಿ ಹಣ ಕೂಡಿಸುವದೋ ಆ ಹಳ್ಳಿಗೆ ಅಷ್ಟೇ ಹಣವನ್ನು ಪ್ರಾಂತದ ಪಂಚಾಯತಿಯೂ ಅಷ್ಟೇ ಹಣವನ್ನು ಸರಕಾರವೂ ಕೊಡುತ್ತಿದ್ದವು. ಗ್ರಂಥಾಲಯವಿಲ್ಲದ ಊರುಗಳಿಗೆ ಪುಸ್ತಕಗಳನ್ನು ಮರದ ಪೆಟ್ಟಿಗೆಗಳಲ್ಲಿ ತುಂಬಿ ಕಳುಹಿಸುತ್ತಿದ್ದರು. ಸಾಗಾಟದ ಖರ್ಚು ಊರವರ ಮೇಲೆ ಬೀಳುತ್ತಿರಲಿಲ್ಲ. ಓದಲು ಬಾರದವರನ್ನು ಸಹ ಬಿಡಲಿಲ್ಲ. ಅವರಿಗಾಗಿ ಚಿತ್ರಗಳನ್ನು ತೋರಿಸುವ ಒಂದು ಶಾಖೆಯನ್ನು ಇಟ್ಟಿದ್ದರು. ನಮ್ಮ ವಾಚಕಿಯರು ವಿಶೇಷವಾಗಿ ಗಮನಿಸತಕ್ಕದ್ದೇನೆಂದರೆ, ಕೇಂದ್ರ ಗ್ರಂಥಾಲಯದಲ್ಲಿ ಸ್ತ್ರೀಯರಿಗೂ ಮಕ್ಕಳಿಗೂ ಪ್ರತ್ಯೇಕ ವಿಭಾಗಗಳು ಇದ್ದವು. ಗಂಡಸರ ಗುಂಪಿನ ನಡುವೆ ಕುಳಿತು ಪತ್ರಿಕೆ ಓದಲು ಹೆಂಗಸರು ಹಿಂಜರಿಯುತ್ತಾರೆಂಬದನ್ನು ನೂರು ವರುಷಗಳ ಹಿಂದೆಯೇ ಕಂಡುಕೊಂಡವರು ಅವರು. ಇಂದಿಗೂ ಅನೇಕ ವಾಚನಾಲಯಗಳಲ್ಲಿ ಇದನ್ನು ಕಂಡುಕೊಂಡಿಲ್ಲವೆಂದು ವ್ಯಸನದಿಂದ ಹೇಳಬೇಕಾಗಿದೆ.

ಗ್ರಂಥಪಾಲನೆಯನ್ನು ಒಂದು ಶಾಸ್ತ್ರವನ್ನಾಗಿ ಮಾಡಿದ ಕೀರ್ತಿಯು ಶಿಯಾಳಿ ರಾಮಾಮೃತ ರಂಗನಾಥನ್ ಅವರಿಗೆ ಸಲ್ಲತಕ್ಕದ್ದು. ಇವರು ತಮಿಳುನಾಡಿನವರಾದರೂ ಕನ್ನಡ ನಾಡಿಗೆ ಪರಕೀಯರಲ್ಲ. ೧೮೯೨ರಲ್ಲಿ ಹುಟ್ಟಿ, ಮದ್ರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಗಣಿತವನ್ನು ಓದಿ, ೧೯೧೭ರಲ್ಲಿ ಮಂಗಳೂರಿನ ಸರಕಾರೀ ಕಾಲೇಜಿನಲ್ಲಿ ಗಣಿತದ ಉಪಾಧ್ಯಾಯರಾಗಿ ಕೆಲಸಕ್ಕೆ ಸೇರಿದರು. ೧೯೨೪ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರ ಹುದ್ದೆಯು ದೊರೆಯಿತು. ಆಗ ನಡೆದದ್ದು ಸ್ವಾರಸ್ಯವಾಗಿದೆ. ಓದುವವರು ಬಾರದೆ ಬರಿದಾದ ಆ ಮನೆಯಲ್ಲಿ ಒಬ್ಬರೇ ಕುಳಿತಿರುವದು ರಂಗನಾಥನ್ ಅವರಿಗೆ ಸಹಿಸಲಾರದೆ, ಕೆಲವೇ ದಿನಗಳಲ್ಲಿ ಮರಳಿ ಪಾಠ ಹೇಳುವ ಕೆಲಸಕ್ಕೆ ಕಳುಹಿಸಿರೆಂದು ಬೇಡಿಕೊಂಡರಂತೆ. ಮೊದಲು ಇಂಗ್ಲೆಂಡಿಗೆ ಹೋಗಿ ಈ ವಿದ್ಯೆಯನ್ನು ಕಲಿತು ಬನ್ನಿರಿ, ಆಮೇಲೂ ಬೇಡವೆನಿಸಿದರೆ ನೋಡೋಣ ಎಂದು ಮೇಲಧಿಕಾರಿಗಳು ಹೇಳಿದರು. ಅವರು ಲಂಡನ್ನಿಗೆ ಹೋದರು. ಅಲ್ಲಿ ತರಗತಿಯಲ್ಲಿ ಕಲಿತದ್ದಕ್ಕಿಂತ ಊರೂರಿನ ಗ್ರಂಥಾಲಯಗಳಲ್ಲಿ ಕಂಡದ್ದೇ ಅವರ ಮನಸ್ಸನ್ನು ತಿರುಗಿಸಿತು. ಮಕ್ಕಳಿಗೂ ಕೂಲಿಕಾರರಿಗೂ ಗೃಹಿಣಿಯರಿಗೂ ಒಂದೇ ಮನೆಯಲ್ಲಿ, ಅವರವರಿಗೆ ಬೇಕಾದ ಪುಸ್ತಕವನ್ನು ಗೌರವದಿಂದ ತೆಗೆದುಕೊಡುವ ಕೆಲಸವು ಪಾಠ ಹೇಳುವದಕ್ಕಿಂತ ಕಡಿಮೆಯದಲ್ಲವೆಂದು ಅವರಿಗೆ ಮನವರಿಕೆಯಾಯಿತು. ೧೯೨೫ರಲ್ಲಿ ಹಿಂದಿರುಗಿ ಬಂದವರು ಮದ್ರಾಸಿನ ಆ ಗ್ರಂಥಾಲಯದಲ್ಲಿ ಇಪ್ಪತ್ತು ವರುಷ ದುಡಿದರು; ಓದುಗರು ತಾವೇ ಕಪಾಟಿನ ಬಳಿಗೆ ಹೋಗಿ ಪುಸ್ತಕವನ್ನು ಮುಟ್ಟಿ ನೋಡಿ ಆರಿಸಿಕೊಳ್ಳುವಂತೆ ಮಾಡಿದರು.

೧೯೩೧ರಲ್ಲಿ ಅವರು ಪ್ರಕಟಿಸಿದ ಗ್ರಂಥದಲ್ಲಿ ಈ ಶಾಸ್ತ್ರದ ಐದು ಸೂತ್ರಗಳಿವೆ. ಅವುಗಳ ತಾತ್ಪರ್ಯವನ್ನು ನಮ್ಮ ಮಾತಿನಲ್ಲಿ ಹೇಳುವದಾದರೆ, ಪುಸ್ತಕವು ಕಾಪಾಡಿ ಇಡುವದಕ್ಕಾಗಿ ಅಲ್ಲ, ಓದುವವರ ಕೈಗೆ ಹೋಗುವದಕ್ಕಾಗಿ ಇದೆ. ಯಾರಿಗೆ ಯಾವದು ಬೇಕೋ ಅದು ಅವರಿಗೆ ದೊರಕಬೇಕು, ಯಾವ ಪುಸ್ತಕವೂ ಓದುಗರಿಲ್ಲದೆ ಕೊಳೆಯಬಾರದು. ಬಂದವರ ಹೊತ್ತು ಹಾಳಾಗಬಾರದು. ಊರು ಬೆಳೆದಂತೆ ಗ್ರಂಥಾಲಯವೂ ಬೆಳೆಯಬೇಕು. ಓದಿದರೆ ಇದರಲ್ಲೇನು ಹೊಸತು ಎನಿಸುವದು. ಬೀಗ ಹಾಕಿದ ಗಾಜಿನ ಕಪಾಟುಗಳ ಮುಂದೆ ನಿಂತು ನೋಡಿದವರಿಗೆ ಮಾತ್ರ ಇದರ ಹೊಸತನವು ತಿಳಿಯುವದು.

ಅದೇ ೧೯೩೧ರಲ್ಲಿ ತಂಜಾವೂರು ಜಿಲ್ಲೆಯ ಮನ್ನಾರ್‌ಗುಡಿಯಲ್ಲಿ ಎತ್ತಿನ ಬಂಡಿಯ ಮೇಲೆ ಪುಸ್ತಕಗಳನ್ನು ಹೇರಿಕೊಂಡು ಹಳ್ಳಿ ಹಳ್ಳಿಗೆ ಹೋಗುವ ಸಂಚಾರೀ ಗ್ರಂಥಾಲಯವೊಂದು ಹೊರಟಿತು. ಅದನ್ನು ಮಾಡಿಸಿದವರು ಕನಕಸಭೈ ಪಿಳ್ಳೆ ಎಂಬವರು. ಸಂತೆಗೆ ಹೋಗುವ ಬಂಡಿಯು ಅಕ್ಕಿ ಬೇಳೆಗಳನ್ನು ಒಯ್ಯುವಂತೆ ಈ ಬಂಡಿಯು ಪುಸ್ತಕಗಳನ್ನು ಬಾಗಿಲಿಗೆ ತಂದಿತು.

ರಂಗನಾಥನ್ ಅವರ ಶ್ರಮದಿಂದಲೇ ೧೯೪೮ರಲ್ಲಿ ಮದ್ರಾಸ್ ಪ್ರಾಂತದಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯು ಆಯಿತು. ಸ್ವತಂತ್ರ ಭಾರತದಲ್ಲಿ ಇದೇ ಮೊದಲನೆಯದು. ದಕ್ಷಿಣ ಕನ್ನಡ ಜಿಲ್ಲೆಯು ಅಂದು ಆ ಪ್ರಾಂತಕ್ಕೆ ಸೇರಿದ್ದರಿಂದ ಅಲ್ಲಿಯ ಕನ್ನಡಿಗರು ಇದರ ಫಲವನ್ನು ಮೊದಲು ಕಂಡರು. ಮೈಸೂರು ರಾಜ್ಯದ ಕಾಯಿದೆಯು ೧೯೬೫ರಲ್ಲಿ ಆಯಿತು. ರಂಗನಾಥನ್ ಅವರು ೧೯೫೭ರಿಂದ ಬೆಂಗಳೂರಿನಲ್ಲಿಯೇ ನೆಲೆಸಿ, ೧೯೬೨ರಲ್ಲಿ ಅಲ್ಲಿ ಗ್ರಂಥಪಾಲನೆಯ ಸಂಶೋಧನೆಗೂ ತರಬೇತಿಗೂ ಒಂದು ಕೇಂದ್ರವನ್ನು ಸ್ಥಾಪಿಸಿ, ೧೯೭೨ರಲ್ಲಿ ಅಲ್ಲಿಯೇ ತೀರಿಕೊಂಡರು.

ಉಕ್ತ ಕಾಯಿದೆಯ ಒಂದು ಅಂಶವನ್ನು ತಂದೆತಾಯಿಗಳು ತಿಳಿದಿರುವದು ಒಳ್ಳೇದು. ಮನೆ ಕಟ್ಟಡಗಳ ಮೇಲೆ ನಾವು ಕೊಡುವ ತೆರಿಗೆಯೊಂದಿಗೆ ಗ್ರಂಥಾಲಯ ಕರವೆಂದು ರೂಪಾಯಿಗೆ ಆರು ಪೈಸೆಗಳನ್ನು ಸೇರಿಸಿ ವಸೂಲು ಮಾಡುತ್ತಾರೆ. ತೆರಿಗೆಯ ರಸೀದಿಯನ್ನು ತೆಗೆದು ನೋಡಿದರೆ ಕಾಣುವದು. ಹೀಗೆ ಹಣ ಕೊಟ್ಟವರು ಗ್ರಂಥಾಲಯದ ಬಾಗಿಲಲ್ಲಿ ಅತಿಥಿಗಳಂತೆ ಸಂಕೋಚದಿಂದ ನಿಲ್ಲಬೇಕಾದ ಕಾರಣವಿಲ್ಲ. ಸ್ಥಳೀಕ ಸಂಸ್ಥೆಗಳು ಕೂಡಿಸಿದ ಈ ಹಣವು ಗ್ರಂಥಾಲಯಗಳಿಗೆ ತಡವಾಗಿ ಮುಟ್ಟುತ್ತದೆಂಬ ದೂರು ಬಹು ಕಾಲದಿಂದ ಇದೆ. ಅದನ್ನು ಕೇಳತಕ್ಕವರು ಕರ ಕೊಡುವವರೇ.

ಇನ್ನು ಗ್ರಂಥಾಲಯವನ್ನು ಬಳಸುವ ಬಗೆ. ಮೊದಲ ಸಲ ಹೋದವರು ಸಾಲುಸಾಲು ಕಪಾಟುಗಳನ್ನು ಕಂಡು ಗಾಬರಿಗೊಳ್ಳುವದು ಸಹಜವೇ. ಪುಸ್ತಕಗಳ ಬೆನ್ನಿನ ಮೇಲೆ ಬರೆದ ಅಂಕಿಗಳು ಬೀದಿಯ ಮನೆಗಳ ನಂಬರಿನಂತೆ ಇರುವವು. ಅಮೇರಿಕೆಯ ಮೆಲ್ವಿಲ್ ಡ್ಯೂಯಿ ಎಂಬವರು ೧೮೭೬ರಲ್ಲಿ ಸಕಲ ವಿಷಯಗಳನ್ನು ಹತ್ತು ವರ್ಗಗಳಾಗಿ ವಿಂಗಡಿಸಿ ಅವಕ್ಕೆ ಅಂಕಿಗಳನ್ನು ಕೊಟ್ಟರು. ಅನೇಕ ಗ್ರಂಥಾಲಯಗಳು ಇದನ್ನೇ ಅನುಸರಿಸುತ್ತವೆ. ಆ ಕ್ರಮದಲ್ಲಿ ೬೧೩ ಎಂದರೆ ಆರೋಗ್ಯರಕ್ಷಣೆ, ೬೧೬ ಎಂದರೆ ರೋಗಗಳು, ೬೩೬ ಎಂದರೆ ದನಕರು ಕೋಳಿಗಳ ಸಾಕಣೆ, ೬೪೧ ಎಂದರೆ ಅಡಿಗೆ, ೬೪೯ ಎಂದರೆ ಮಕ್ಕಳನ್ನು ಬೆಳೆಸುವದು. ರಂಗನಾಥನ್ ಅವರು ಇದಕ್ಕೆ ತೃಪ್ತರಾಗದೆ ೧೯೩೩ರಲ್ಲಿ ಬೇರೊಂದು ಕ್ರಮವನ್ನು ಪ್ರಕಟಿಸಿದರು. ಲಂಡನ್ನಿನ ಒಂದು ದೊಡ್ಡ ಅಂಗಡಿಯಲ್ಲಿ, ಕೆಲವೇ ಬಗೆಯ ತುಂಡುಗಳನ್ನು ಬೇರೆ ಬೇರೆಯಾಗಿ ಜೋಡಿಸಿ ನಾನಾ ಆಟಿಕೆಗಳನ್ನು ಮಾಡುವ ಮೆಕ್ಯಾನೊ ಪೆಟ್ಟಿಗೆಯನ್ನು ಕಂಡಾಗ ಅವರಿಗೆ ಅದರ ಉಪಾಯವು ಹೊಳೆಯಿತಂತೆ.

ಆದರೂ ಅಂಕಿಗಳನ್ನು ಬಾಯಿಪಾಠ ಮಾಡಬೇಕಾದ ಅಗತ್ಯವಿಲ್ಲ. ಕೇಳಿದರೆ ಸಾಕು. ಒಬ್ಬ ತಾಯಿಯು ಬಂದು, "ನಮ್ಮ ಯಜಮಾನರಿಗೆ ಸಕ್ಕರೆ ಕಾಯಿಲೆ ಇದೆಯೆಂದು ಡಾಕ್ಟರು ಹೇಳಿದ್ದಾರೆ, ಏನು ಅಡಿಗೆ ಮಾಡಬೇಕೋ ತಿಳಿಯದು," ಎಂದಳೆನ್ನೋಣ. ಒಳ್ಳೇ ಗ್ರಂಥಪಾಲಕಿಯು ಕೂಡಲೇ ಒಂದು ಪುಸ್ತಕವನ್ನು ಎತ್ತಿ ಕೊಟ್ಟು ಕಳುಹಿಸುವದಿಲ್ಲ. "ಕನ್ನಡದಲ್ಲಿ ಬೇಕೇನಮ್ಮಾ? ನೀವೇ ಓದುವಿರೋ, ಮಗಳು ಓದಿ ಹೇಳುವಳೋ? ದೊಡ್ಡ ಅಕ್ಷರದ್ದು ಇದ್ದರೆ ಅನುಕೂಲವೇ?" ಎಂದು ಮೆಲ್ಲಗೆ ವಿಚಾರಿಸಿ, ರೋಗದ ಸಾಲಿನಿಂದ ಒಂದನ್ನೂ ಅಡಿಗೆಯ ಸಾಲಿನಿಂದ ಒಂದನ್ನೂ ತೆಗೆದು, ಪುಸ್ತಕ ಅಚ್ಚಾದ ವರುಷವನ್ನು ನೋಡಿ, ಹಳತಾದದ್ದನ್ನು ಬದಿಗಿಟ್ಟು, ಬರೆದವರು ವೈದ್ಯರೋ ಅಲ್ಲವೋ ಎಂಬದನ್ನು ತೋರಿಸಿಕೊಡುವಳು. ಔಷಧದ ಮಾತು ಬಂದರೆ ಡಾಕ್ಟರನ್ನೇ ಕೇಳಿರೆನ್ನುವಳು. ಆ ಮನೆಯ ಗುಟ್ಟನ್ನು ಇನ್ನೊಬ್ಬರ ಮುಂದೆ ಆಡಳು. ಇಷ್ಟು ಕೆಲಸಕ್ಕೆ ವಿದ್ಯೆಯೂ ಬೇಕು, ತಾಳ್ಮೆಯೂ ಬೇಕು. ಪುಸ್ತಕ ಕಾಯುವ ಜವಾನನ ಕೆಲಸವೆಂದು ಇದನ್ನು ಹಗುರಾಗಿ ಎಣಿಸುವವರು ಒಂದು ದಿವಸ ಆ ಮೇಜಿನ ಹಿಂದೆ ಕುಳಿತು ನೋಡಲಿ.

ಕರ್ನಾಟಕದ ಹಳ್ಳಿಗಳಲ್ಲಿ ಐದೂವರೆ ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯತಿ ಗ್ರಂಥಾಲಯಗಳಿವೆ. ೨೦೧೯ರಲ್ಲಿ ಇವು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಕೈಗೆ ಬಂದವು; ಈಗ ಅರಿವು ಕೇಂದ್ರಗಳೆಂದು ಕರೆಯಲ್ಪಡುತ್ತವೆ. ಕೊರೋನಾ ಜಾಡ್ಯದಿಂದ ಶಾಲೆಗಳು ಮುಚ್ಚಿದ್ದ ೨೦೨೦ರಲ್ಲಿ "ಓದುವ ಬೆಳಕು" ಎಂಬ ಕಾರ್ಯಕ್ರಮದಿಂದ ಹದಿನೆಂಟು ವರುಷದೊಳಗಿನ ಶಾಲಾಮಕ್ಕಳಿಗೆ ಉಚಿತ ಸದಸ್ಯತ್ವವನ್ನು ಕೊಡಲು ತೊಡಗಿದರು. ಶಾಲೆಯು ಇಲ್ಲದಾಗ ಹಳ್ಳಿಯ ಮಕ್ಕಳಿಗೆ ಹೊಸ ಪುಸ್ತಕವೆಂಬದು ಉಳಿದದ್ದು ಅಲ್ಲಿಯೇ. ಇವನ್ನು ನೋಡಿಕೊಳ್ಳುವ ಮೇಲ್ವಿಚಾರಕರು ಅಲ್ಪ ಗೌರವಧನಕ್ಕೆ ದುಡಿದವರು; ಗುಡಿಸುವದು, ಪತ್ರಿಕೆ ಜೋಡಿಸುವದು, ಲೆಕ್ಕ ಬರೆಯುವದು, ಮಕ್ಕಳಿಗೆ ಕಥೆ ಓದುವದು ಎಲ್ಲವೂ ಒಬ್ಬರದೇ.

ಹೆಣ್ಣುಮಕ್ಕಳು ಅಲ್ಲಿಗೆ ಏಕೆ ಕಡಿಮೆ ಬರುತ್ತಾರೆಂಬದನ್ನು ನಾವು ಯೋಚಿಸಿದ್ದೇವೆ. ಶಾಲೆ ಬಿಡುವ ಹೊತ್ತಿಗೆ ಅವರಿಗೆ ನೀರು ತರುವದೂ ತಮ್ಮ ತಂಗಿಯರನ್ನು ನೋಡಿಕೊಳ್ಳುವದೂ ಇರುವವು. ಕೆಲಸ ತೀರುವ ಹೊತ್ತಿಗೆ ಗ್ರಂಥಾಲಯದ ಬಾಗಿಲು ಮುಚ್ಚಿರುವದು, ಇಲ್ಲವೇ ಕತ್ತಲಾಗಿರುವದು. ಗಂಡುಹುಡುಗನಿಗೆ ಈ ಅಡ್ಡಿಗಳಲ್ಲಿ ಒಂದೂ ಇಲ್ಲ. ವೇಳೆಯನ್ನು ಒಂದು ತಾಸು ಬದಲಿಸಿರೆಂದು ಪಂಚಾಯತಿಗೆ ಅರ್ಜಿ ಕೊಟ್ಟರೆ ತಪ್ಪೇನು? ನಾಲ್ಕು ಮಂದಿ ತಾಯಂದಿರು ವಾರಕ್ಕೊಂದು ದಿನ ಹೆಣ್ಣುಮಕ್ಕಳನ್ನು ಕೂಡಿಕೊಂಡು ಹೋಗಲಾರರೇ? ಬೇಕಾದ ಪುಸ್ತಕವು ಇಲ್ಲದಿದ್ದರೆ ಅದರ ಹೆಸರನ್ನು ಬರೆದು ಗ್ರಂಥಪಾಲಕರ ಕೈಗೆ ಕೊಡಬೇಕು. ಬೇಡಿಕೆಯಿಲ್ಲವೆಂಬ ನೆಪದಿಂದಲೇ ಸ್ತ್ರೀಯರಿಗೆ ಬೇಕಾದ ಪುಸ್ತಕಗಳನ್ನು ತರಿಸುವದಿಲ್ಲ.

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಉಪಾಧ್ಯಾಯಿನಿಯರೂ ದಾದಿಯರೂ ಬಹಳ ಮಂದಿ ಇರುವರು; ಗ್ರಂಥಪಾಲಕಿಯರು ಇನ್ನೂ ಹೆಚ್ಚಾಗಬೇಕೆಂದು ನಮ್ಮ ಆಶೆ. ಮೈಸೂರು, ಧಾರವಾಡ, ಮಂಗಳೂರು ವಿಶ್ವವಿದ್ಯಾಲಯಗಳಲ್ಲಿ ಈ ವಿದ್ಯೆಯನ್ನು ಕಲಿಯಲು ಅನುಕೂಲವಿದೆ. ಮಗಳಿಗೆ ಮುಂದೆ ಏನು ಓದಿಸಬೇಕೆಂದು ವಿಚಾರಿಸುತ್ತಿರುವ ತಂದೆತಾಯಿಗಳು ಇದನ್ನೂ ಎಣಿಕೆಗೆ ತಂದುಕೊಳ್ಳಲಿ.

ಸದಸ್ಯರಾಗಲು ವಿಳಾಸದ ಒಂದು ಆಧಾರವನ್ನು ಒಯ್ಯಬೇಕು. ಪುಸ್ತಕವನ್ನು ಮನೆಗೆ ತರುವವರು ಸ್ವಲ್ಪ ಠೇವಣಿಯನ್ನು ಇಡಬೇಕಾಗಬಹುದು, ಸದಸ್ಯತ್ವವನ್ನು ಬಿಡುವಾಗ ಅದು ಹಿಂದಕ್ಕೆ ಬರುವದು. ಅನೇಕ ಕಡೆಗಳಲ್ಲಿ ಸೋಮವಾರ ರಜೆ ಇದ್ದು ಭಾನುವಾರ ಬಾಗಿಲು ತೆರೆದಿರುವದರಿಂದ, ಮಕ್ಕಳನ್ನು ಕರೆದುಕೊಂಡು ಹೋಗುವದಕ್ಕೆ ಭಾನುವಾರದ ಮಧ್ಯಾಹ್ನವೇ ಅನುಕೂಲ.