ಮಧುಮೇಹವೂ ಜೀವಕೋಶದ ಆತ್ಮರಕ್ಷಣೆಯೂ

ಕಬ್ಬಿಣ ತುಕ್ಕು ಹಿಡಿಯುವುದೂ ಹಳೆಯ ಕುಸುಬಿ ಎಣ್ಣೆ ಕಮಟುವುದೂ ಆಮ್ಲಜನಕದ ಕಾರ್ಯವೇ. ಅದೇ ಉತ್ಕರ್ಷಣ ಕ್ರಿಯೆ ನಮ್ಮ ಜೀವಕೋಶಗಳಲ್ಲಿಯೂ ನಡೆಯುತ್ತಿರುತ್ತದೆ. ಆಹಾರದಿಂದ ಶಕ್ತಿ ದೊರೆಯುವಾಗ ಸೂಪರಾಕ್ಸೈಡ್ ಎಂಬ ಉಗ್ರ ಕಣಗಳು ಹುಟ್ಟುತ್ತವೆ. ಇವನ್ನು ಶಮನಗೊಳಿಸುವ ಕಿಣ್ವವನ್ನು ೧೯೬೯ರಲ್ಲಿ ಅಮೆರಿಕದ ಮ್ಯಾಕ್‌ಕಾರ್ಡ್ ಮತ್ತು ಫ್ರಿಡೊವಿಚ್ ಗುರುತಿಸಿದರು. ಗ್ಲುಟಾಥಯೋನ್ ಎಂಬ ದ್ರವ್ಯವೂ ಇದೇ ರಕ್ಷಣಾಪಡೆಗೆ ಸೇರಿದ್ದು.

ಮಧುಮೇಹದಲ್ಲಿ ಈ ಸಮತೋಲ ಎರಡು ಕಡೆಯಿಂದ ಕೆಡುತ್ತದೆ. ರಕ್ತದಲ್ಲಿ ಸಕ್ಕರೆ ಏರಿದಂತೆ ಉಗ್ರ ಕಣಗಳು ಹೆಚ್ಚುತ್ತವೆ. ಅಲ್ಲದೆ ನರಗಳೂ ಕಣ್ಣಿನ ಮಸೂರವೂ ಹೆಚ್ಚಾದ ಸಕ್ಕರೆಯನ್ನು ಸಾರ್ಬಿಟಾಲ್ ಆಗಿ ಮಾರ್ಪಡಿಸುತ್ತವೆ. ಇದಕ್ಕೆ ವ್ಯಯವಾಗುವ ಸಹಾಯಕ ದ್ರವ್ಯವೇ ಬಳಲಿದ ಗ್ಲುಟಾಥಯೋನನ್ನು ಮರಳಿ ಸಜ್ಜುಗೊಳಿಸಬೇಕಾದದ್ದು. ವೈರಿ ಮುತ್ತಿದ ಹೊತ್ತಿಗೇ ಕಣಜ ಬರಿದಾದಂತೆ! ಹೀಗೆ ವರ್ಷಗಟ್ಟಲೆ ನಡೆದರೆ ಕಣ್ಣು, ಮೂತ್ರಪಿಂಡ, ನರಗಳು ಹಾನಿಗೊಳ್ಳುತ್ತವೆ. ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರಗಳ ಹೊಲಗಳಲ್ಲಿ ಬರಿಗಾಲಿನಲ್ಲಿ ದುಡಿಯುವ ಮಧುಮೇಹಿಗೆ ಜಾಲಿಮುಳ್ಳು ನೆಟ್ಟದ್ದೇ ತಿಳಿಯದೆ ಹೋಗಬಹುದು. ಆ ಗಾಯ ಕಾಲನ್ನೇ ಕಳೆಯಬಲ್ಲದು.

ಹಾಗಾದರೆ ಉತ್ಕರ್ಷಣ ನಿರೋಧಕ ಗುಳಿಗೆಗಳನ್ನು ನುಂಗಿದರೆ ಸಾಲದೇ? ತರ್ಕವೇನೋ ಸೊಗಸಾಗಿದೆ, ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ೨೦೦೦ದಲ್ಲಿ ಪ್ರಕಟವಾದ 'ಹೋಪ್' ಅಧ್ಯಯನದಲ್ಲಿ, ಮಧುಮೇಹಿಗಳೂ ಸೇರಿದಂತೆ ಒಂಬತ್ತು ಸಾವಿರಕ್ಕೂ ಹೆಚ್ಚು ಜನರಲ್ಲಿ 'ಇ' ಜೀವಸತ್ವವು ಹೃದಯಾಘಾತವನ್ನು ತಡೆಯಲಿಲ್ಲ. ಆದರೆ ಬ್ರಿಟನ್ನಿನಲ್ಲಿ ೧೯೯೮ರಲ್ಲಿ ಹೊರಬಂದ ದೀರ್ಘ ಅಧ್ಯಯನದಲ್ಲಿ, ಸಕ್ಕರೆಯನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟವರಲ್ಲಿ ಸೂಕ್ಷ್ಮ ರಕ್ತನಾಳಗಳ ತೊಡಕುಗಳು ಶೇಕಡಾ ೨೫ರಷ್ಟು ತಗ್ಗಿದವು.

ಮೆಂತ್ಯೆಪಲ್ಲೆ, ಅಗಸಿಹಿಂಡಿ ನಮ್ಮ ಊಟಕ್ಕೆ ಒಪ್ಪುವಂಥವೇ. ಆದರೆ ಅವು ಔಷಧಿಯ ಸ್ಥಾನವನ್ನು ತುಂಬಲಾರವು. ಜೋಳದ ರೊಟ್ಟಿಯಲ್ಲಿಯೂ ಪಿಷ್ಟವಿರುವುದರಿಂದ ಅದನ್ನೂ ಎಣಿಸಿಯೇ ಉಣ್ಣಬೇಕಾಗುತ್ತದೆ.