ನಿಮ್ಮ ಪಾರ್ಸೆಲ್ ಹೊಳೆ ಪಾಲಾಗಿದೆ

ಆನ್‌ಲೈನ್ ವ್ಯಾಪಾರ ಬೆಳೆಸುವುದು ಹೇಗೆಂದು ಹೇಳಿಕೊಡುವವರು ಈಗ ಗೋಕಾಕಕ್ಕೂ ಬರುತ್ತಾರೆ. ಹಾಲ್ ಬಾಡಿಗೆ ಹಿಡಿದು, ಚಹಾ ಬಿಸ್ಕೀಟು ಕೊಟ್ಟು, ರಿಯಾಯಿತಿ ಇಡಿ, ರೀಲ್ಸ್ ಹಾಕಿ, ಗಿರಾಕಿಯೇ ದೇವರು ಎಂದು ಹೇಳಿ ಹೋಗುತ್ತಾರೆ. ದೇವರಿಗೆ ಪಾರ್ಸೆಲ್ ಮುಟ್ಟದೆ ಹೋದಾಗ ಏನು ಮಾಡಬೇಕೆಂದು ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ನನಗೆ ಅದನ್ನು ಕಲಿಸಿದ್ದು 2019ರ ಆಗಸ್ಟ್. ಹೊಸದಾಗಿ ಈ ದಂಧೆಗೆ ಇಳಿಯುವ ಹೆಣ್ಣುಮಕ್ಕಳಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ. ನಮ್ಮ ಮನೆಯವರಲ್ಲೂ ಒಬ್ಬಿಬ್ಬರು ಓದಲಿ ಎಂಬ ಆಸೆಯಿದೆ.

ನನ್ನ ಮಾಲು ಮೂರೇ. ಕರದಂಟು ಮನೆಯಲ್ಲೇ ಆಗುತ್ತದೆ: ಅಂಟನ್ನು ತುಪ್ಪದಲ್ಲಿ ಅರಳಿಸಿ, ಉತ್ತತ್ತಿ, ಒಣಕೊಬ್ಬರಿ, ಗೋಡಂಬಿ, ಗಸಗಸೆ ಸೇರಿಸಿ ಬೆಲ್ಲದ ಪಾಕಕ್ಕೆ ಹಾಕಿ ತಟ್ಟುವುದು. ಬೆಲ್ಲ ಮೂಡಲಗಿ ಕಡೆಯ ಗಾಣದ್ದು. ಮೆಣಸಿನಕಾಯಿ ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರದ್ದು. ಫೋಟೊ ಫೇಸ್‌ಬುಕ್ಕಿನಲ್ಲಿ, ಮಾತುಕತೆ ವಾಟ್ಸ್‌ಆ್ಯಪ್‌ನಲ್ಲಿ, ಮಾಲು ಕೊರಿಯರಿನಲ್ಲಿ. ಊರಿನ ದೊಡ್ಡ ಅಂಗಡಿಗಳ ಜೊತೆ ಬೆಲೆಯಲ್ಲಿ ಜಿದ್ದಿಗೆ ಬಿದ್ದರೆ ನಾನು ಒಂದು ಹಬ್ಬವೂ ಉಳಿಯುವುದಿಲ್ಲ. ಹಾಗಾಗಿ ನನ್ನ ಬಂಡವಾಳವೆಂದರೆ ಗಿರಾಕಿಗಳ ವಹಿ. ಯಾರ ಮಗಳು ಬಾಣಂತನಕ್ಕೆ ಬರುತ್ತಾಳೆ, ಯಾರಿಗೆ ಸಕ್ಕರೆ ಕಾಯಿಲೆ, ಯಾರ ಮನೆಯಲ್ಲಿ ಗಸಗಸೆ ಆಗುವುದಿಲ್ಲ, ಎಲ್ಲ ಅದರಲ್ಲಿದೆ.

ಶ್ರಾವಣ ನಮಗೆ ಸುಗ್ಗಿ. ಆ ವರ್ಷ ಪಂಚಮಿ ಆಗಸ್ಟ್ 5ಕ್ಕೆ, ವರಮಹಾಲಕ್ಷ್ಮಿ 9ಕ್ಕೆ, ರಾಖಿ 15ಕ್ಕೆ ಬಂದಿದ್ದವು. ಪಂಚಮಿಗೆ ನಮ್ಮ ಭಾಗದವರು ಮನೆಯಲ್ಲೇ ಉಂಡಿ ಕಟ್ಟುತ್ತಾರೆ, ಅದರಿಂದ ನನಗೆ ದೊಡ್ಡ ವ್ಯಾಪಾರವಿಲ್ಲ. ವರಮಹಾಲಕ್ಷ್ಮಿಗೆ ಬೆಂಗಳೂರು–ಮೈಸೂರಿನವರು, ರಾಖಿಗೆ ಪುಣೆ–ಮುಂಬೈಯವರು ಕೇಳುತ್ತಾರೆ. ಆ ಎರಡೂ ಹಬ್ಬದ ಪಾರ್ಸೆಲ್ ಒಟ್ಟಿಗೇ ಕಟ್ಟಿ ಕೊರಿಯರ್ ಅಂಗಡಿಗೆ ಹಾಕಿ ಬಂದಿದ್ದೆ. ರೊಕ್ಕ ಎಲ್ಲರೂ ಮುಂಗಡವೇ ಕೊಟ್ಟಿದ್ದರು.

ಅಷ್ಟರಲ್ಲಿ ಹೊಳೆ ಬಂತು. ಘಟ್ಟದಲ್ಲಿ ಮಳೆ ಬಿಡದೆ ಹಿಡಿದಿತ್ತು. 51 ಟಿಎಂಸಿಯ ಹಿಡಕಲ್ ಜಲಾಶಯದಿಂದ ನೀರು ಬಿಟ್ಟಿದ್ದರು. ಕೆಳಗೆ ಹಿರಣ್ಯಕೇಶಿ ಕೂಡಿಕೊಳ್ಳುತ್ತದೆ, ಗೋಕಾಕದ ಹತ್ತಿರ ಮಾರ್ಕಂಡೇಯವೂ ಬಂದು ಸೇರುತ್ತದೆ. ಎಲ್ಲ ನೀರಿಗೂ ದಾರಿ ನಮ್ಮೂರೇ.

ಸಂಜೆ ಕೊರಿಯರ್ ಅಂಗಡಿಗೆ ಓಡಿದೆ. ತಗ್ಗಿನ ಓಣಿ ಅದು. ಗಟಾರದ ನೀರು ಹರಿಯುವುದನ್ನು ಬಿಟ್ಟು ಕಲ್ಲಿನ ಸಂದಿಯಿಂದ ಮೇಲಕ್ಕೆ ಉಕ್ಕುತ್ತಿತ್ತು. ಒಳಗೆ ಬ್ರಾಂಚ್ ನಡೆಸುವವನು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕಾಲು ಮಡಚಿಕೊಂಡು ಕುಳಿತು ಮೊಬೈಲ್ ನೋಡುತ್ತಿದ್ದ. ಅವನ ಹಿಂದೆ ನೆಲದ ಮೇಲೆಯೇ ನನ್ನ ಬಾಕ್ಸ್‌ಗಳ ಸಾಲು. ನಾನು ಸುತ್ತಿದ್ದ ಹಸಿರು ಟೇಪು ಬಾಗಿಲಿನಿಂದಲೇ ಕಾಣುತ್ತಿತ್ತು.

“ಅಣ್ಣಾರ, ನೀರ ಬರಾಕತ್ತಾವ. ನನ್ನ ಬಾಕ್ಸ್ ಕೊಡ್ರಿ, ಮನಿಗೆ ಒಯ್ಯತೀನಿ.”

“ಸ್ಕ್ಯಾನ್ ಆಗ್ಯಾವ್ರಿ ಅಕ್ಕಾರ. ಸ್ಕ್ಯಾನ್ ಆದಮ್ಯಾಲ ನಿಮ್ಮವಲ್ಲ, ಕಂಪನಿವು.”

“ಹಂಗಾರ ಆ ಅಟ್ಟದ ಮ್ಯಾಲರ ಇಡ್ರಿ.”

“ಗಾಡಿ ಬರತೈತ್ರಿ, ಹೊಕ್ಕಾವ. ಏರಸೋದು ಇಳಸೋದು ಯಾರ ಮಾಡಬೇಕ್ರಿ?”

ನಾನು ಏರಿಸುತ್ತೇನೆ ಎಂದೆ. ಒಳಗೆ ಹೊರಗಿನವರನ್ನು ಬಿಡುವಂತಿಲ್ಲ ಎಂದ. ಮೇಲಿನವರಿಗೆ ಫೋನ್ ಹಚ್ಚು ಎಂದು ಗಂಟುಬಿದ್ದೆ. ಹಚ್ಚಿ ಕೊಟ್ಟ. ಆ ಕಡೆಯ ದನಿ ಬಹಳ ಮರ್ಯಾದೆಯಿಂದ “ಒಂದು ಮೇಲ್ ಹಾಕಿ ಮೇಡಂ, ನಾಳೆ ನೋಡ್ತೀವಿ” ಎಂದಿತು. ಅಂಗಡಿಯ ಮೆಟ್ಟಿಲ ಮೇಲೆ ನಿಂತು, ಸೆರಗಿನಿಂದ ಫೋನಿನ ಪರದೆ ಒರೆಸಿಕೊಳ್ಳುತ್ತ, ಮೇಲ್ ಬರೆಯತೊಡಗಿದೆ. ಮಳೆ ಹನಿ ಬಿದ್ದಲ್ಲೆಲ್ಲ ಬೇರೆಯದೇ ಅಕ್ಷರ ಒತ್ತಿಕೊಳ್ಳುತ್ತಿತ್ತು. ಕಳಿಸುವಷ್ಟರಲ್ಲಿ ನೆಟ್‌ವರ್ಕ್ ಹೋಯಿತು, ಹಿಂದೆಯೇ ಕರೆಂಟು ಹೋಯಿತು. ಅವನು ಕುರ್ಚಿಯನ್ನು ಮೇಜಿನ ಮೇಲೆ ಎತ್ತಿಟ್ಟ. ಇದನ್ನು ನಾನು ಇವತ್ತಿಗೂ ಮರೆತಿಲ್ಲ: ತನ್ನ ಕುರ್ಚಿಯನ್ನು ಎತ್ತಿಟ್ಟ, ನನ್ನ ಬಾಕ್ಸ್ ನೆಲದಲ್ಲೇ ಬಿಟ್ಟ. ಶಟರ್ ಎಳೆದು ಬೈಕ್ ಹತ್ತಿ ಹೋದ.

ಮರುದಿನ ಆ ಓಣಿಗೆ ದಾರಿಯೇ ಇರಲಿಲ್ಲ. ನೀರು ಇಳಿದ ಮೇಲೆ ಶಟರ್ ಎತ್ತಿದಾಗ ರಟ್ಟೆಲ್ಲ ಅಂಬಲಿಯಾಗಿತ್ತು. ಮೆಣಸಿನಕಾಯಿ ನೀರು ಕುಡಿದು ಬಾತಿತ್ತು. ಬೆಲ್ಲದ ಪೆಂಟಿ ಇದ್ದ ಚೀಲದಲ್ಲಿ ಬೆಲ್ಲವೇ ಇಲ್ಲ, ನಾನು ಅಂಟಿಸಿದ್ದ ಲೇಬಲ್ ಮಾತ್ರ ಉಳಿದಿತ್ತು.

ಆದರೆ ಗಿರಾಕಿಗಳ ಫೋನಿನಲ್ಲಿ ನನ್ನ ಪಾರ್ಸೆಲ್ ಇನ್ನೂ ‘ದಾರಿಯಲ್ಲಿದೆ’!

ಶಟರ್ ಎಳೆದ ರಾತ್ರಿಯೇ ಮನೆಯಲ್ಲಿ ಜಗಳವಾಗಿತ್ತು. ನಮ್ಮ ಭಾವನವರು ಪೇಟೆಯಲ್ಲಿ ಅಂಗಡಿ ಇಟ್ಟವರು, ವ್ಯಾಪಾರ ತಮಗಷ್ಟೇ ಗೊತ್ತು ಎಂಬ ಭಾವನೆ. “ಫೋನ್ ಬಂದ್ ಮಾಡಿ ಸುಮ್ಮ ಕುಂದರವಾ. ಹೊಳಿ ಬಂದದ್ದು ಅವರೂ ಟಿವ್ಯಾಗ ನೋಡತಾರ. ನೀನಾಗೇ ಹೇಳಿದಿ ಅಂದ್ರ ರೊಕ್ಕ ಕೇಳತಾರ” ಎಂದರು. ನಮ್ಮ ಯಜಮಾನರು ಎಂದಿನಂತೆ ಅಣ್ಣನ ಮುಖ ನೋಡಿದರು. ನಾನು ಹಟಮಾರಿ ಎಂದು ಮನೆಯಲ್ಲಿ ಹೆಸರಾಗಿದೆ. ಆಗಲಿ. ಆ ರಾತ್ರಿ ಹಟ ಮಾಡದಿದ್ದರೆ ಇವತ್ತು ಈ ವ್ಯಾಪಾರವೇ ಇರುತ್ತಿರಲಿಲ್ಲ.

ಪಕ್ಕದ ಮನೆಯವರ ಕಾರಿನಲ್ಲಿ ಫೋನ್ ಚಾರ್ಜ್ ಮಾಡಿಕೊಂಡು, ನೆಟ್‌ವರ್ಕ್ ಸಿಕ್ಕಿದ ಕಡೆ ನಿಂತು, ವಹಿ ತೆರೆದು ಒಬ್ಬೊಬ್ಬರಿಗೇ ಹಚ್ಚಿದೆ. ವಾಟ್ಸ್‌ಆ್ಯಪ್ ಬ್ರಾಡ್‌ಕಾಸ್ಟ್ ಇಂಥ ಹೊತ್ತಿಗೆ ಕೆಲಸಕ್ಕೆ ಬಾರದು. ಒಂದು ಪಟ್ಟಿಗೆ 256 ಜನರನ್ನು ಸೇರಿಸಬಹುದು, ಸರಿ. ಆದರೆ ನಮ್ಮ ನಂಬರ್ ಸೇವ್ ಮಾಡಿಕೊಂಡವರಿಗಷ್ಟೇ ಅದು ಮುಟ್ಟುತ್ತದೆ. ಮೊದಲ ಸಲ ಕೊಂಡವರು ಯಾರು ಸೇವ್ ಮಾಡಿರುತ್ತಾರೆ? ಹೇಳಿದ್ದು ಎರಡೇ ಮಾತು: “ನಿಮ್ಮ ಪಾರ್ಸೆಲ್ ಹೊಳೆ ಪಾಲಾಗಿದೆ. ರೊಕ್ಕ ವಾಪಸ್ ಹಾಕಲೋ, ಹೊಳೆ ಇಳಿದ ಮೇಲೆ ಹೊಸದಾಗಿ ಮಾಡಿ ಕಳಿಸಲೋ?”

ಮೈಸೂರಿನ ಒಬ್ಬರು, “ಆನ್‌ಲೈನ್‌ನಲ್ಲಿ ದಾರಿಯಲ್ಲಿದೆ ಅಂತ ತೋರಿಸ್ತಿದೆ, ನೀವ್ಯಾಕೆ ಸುಳ್ಳು ಹೇಳ್ತೀರಿ? ಬೇರೆಯವರಿಗೆ ಹೆಚ್ಚಿಗೆ ಮಾರಿಕೊಂಡ್ರಾ?” ಎಂದರು. ಕಂಪ್ಯೂಟರ್ ಹೇಳಿದ ಸುಳ್ಳಿನ ಮುಂದೆ ನನ್ನ ನಿಜ ನಿಲ್ಲಲಿಲ್ಲ. ರೊಕ್ಕ ವಾಪಸ್ ಹಾಕಿದೆ. ತೆಗೆದುಕೊಂಡ ಮೇಲೂ ಫೇಸ್‌ಬುಕ್ಕಿನಲ್ಲಿ ಬೈದು ಬರೆದರು. ಅದೇ ದಿನ ಪುಣೆಯಲ್ಲಿರುವ ಮೂಡಲಗಿ ಕಡೆಯ ಒಬ್ಬ ಅಜ್ಜಿ, “ರೊಕ್ಕ ನಿನ್ನ ಕಡೇನ ಇರಲಿ, ದೀಪಾವಳಿಗೆ ಕಳಸು. ಲೋಳಸೂರ ಸೇತುವಿ ಮ್ಯಾಲ ನೀರ ಹತ್ಯಾವಂತ, ಖರೇ ಏನು?” ಎಂದರು. ಖರೆಯೇ. ಆ ದಾರಿ ಬಂದ್ ಆಗಿ ಬೆಲ್ಲ ತರುವುದೂ ನಿಂತಿತ್ತು.

ಕೇಳಿದವರಿಗೆಲ್ಲ ರೊಕ್ಕ ಕೊಟ್ಟೆ, ಅದಕ್ಕಾಗಿ ಮಹಿಳಾ ಸಂಘದಲ್ಲಿ ಸಾಲ ಎತ್ತಿದೆ. ಕೊರಿಯರಿನವರು ರಸೀದಿಯ ಹಿಂಭಾಗ ತೋರಿಸಿದರು: ಪ್ರಕೃತಿ ವಿಕೋಪಕ್ಕೆ ಹೊಣೆಯಲ್ಲವಂತೆ. ಪ್ರಕೃತಿ ಬರುವ ಮೊದಲೇ ನಾನು ಬಂದು ಕೇಳಿದ್ದೆನಲ್ಲ ಎಂದರೆ ಉತ್ತರವಿಲ್ಲ. ಹಾನಿ ಬರೆದುಕೊಳ್ಳಲು ಬಂದ ಅಧಿಕಾರಿ, “ನಿಮ್ಮ ಮನೆಗೆ ನೀರು ಹೊಕ್ಕಿಲ್ಲ, ಅಂಗಡಿ ನಿಮ್ಮದಲ್ಲ. ಏನಂತ ಬರೆಯಲಿ?” ಎಂದು ಪೆನ್ನು ಜೇಬಿಗೆ ಸಿಕ್ಕಿಸಿಕೊಂಡರು.

ಆ ದೀಪಾವಳಿಗೆ ಆರ್ಡರ್ ಬಂದದ್ದು ಹೆಚ್ಚಾಗಿ ನಾನು ಕೆಟ್ಟ ಸುದ್ದಿ ಹೇಳಿದ್ದ ಮನೆಗಳಿಂದಲೇ. ಅವರ ಅಕ್ಕತಂಗಿಯರು, ನಾದಿನಿಯರು ಹೊಸ ಗಿರಾಕಿಗಳಾಗಿ ಬಂದರು. ರಿಯಾಯಿತಿ ಒಂದು ರೂಪಾಯಿಯೂ ಕೊಟ್ಟಿರಲಿಲ್ಲ.

ಇನ್ನು ಬುದ್ಧಿಮಾತು. ಕೆಟ್ಟ ಸುದ್ದಿ ಗಿರಾಕಿಗೆ ನಮ್ಮ ಬಾಯಿಂದಲೇ ಮೊದಲು ಹೋಗಬೇಕು, ಅದೂ ದನಿಯಲ್ಲಿ. 2020ರ ಇ-ಕಾಮರ್ಸ್ ನಿಯಮಗಳು ದೂರು ಬಂದ 48 ಗಂಟೆಯೊಳಗೆ ಸ್ವೀಕರಿಸಿದ್ದೇವೆ ಎನ್ನಬೇಕು, ತಿಂಗಳೊಳಗೆ ಬಗೆಹರಿಸಬೇಕು ಎನ್ನುತ್ತವೆ. ನಮ್ಮಂಥ ಸಣ್ಣವರು ದೂರು ಬರುವ ಮೊದಲೇ ಹೇಳಿಬಿಟ್ಟರೆ ಲಾಭ.

ಮಾಲಿನ ಗುಣ ಮೊದಲೇ ತಿಳಿಸಿ. ಬಣ್ಣ ತಿಳಿ ಮಾಡುವ ಹೈಡ್ರೋಸ್ ಪುಡಿ ಹಾಕದ ಬೆಲ್ಲ ಕಂದು ಬಣ್ಣಕ್ಕಿರುತ್ತದೆ. ಹಳದಿ ಬೆಲ್ಲ ನೋಡಿ ರೂಢಿಯಾದವರು ಹಳೆಯದು ಕಳಿಸಿದ್ದಾರೆ ಎಂದು ತಿಳಿಯುತ್ತಾರೆ. ಬಿಸಿಲಿನಲ್ಲಿಟ್ಟು ತೆಗೆದ ಫೋಟೊ ಮೊದಲೇ ಕಳಿಸಿದರೆ ಜಗಳವಿಲ್ಲ. ಮೆಣಸಿನಕಾಯಿ ಕೇಳಿದವರಿಗೆ ಖಾರ ಬೇಕೋ ಬಣ್ಣ ಬೇಕೋ ಎಂದು ಕೇಳುತ್ತೇನೆ. ಬಣ್ಣ ಬೇಕೆಂದವರಿಗೆ ಬ್ಯಾಡಗಿ ತೆಗೆದುಕೊಳ್ಳಿ ಎಂದು ನಾನೇ ಹೇಳುತ್ತೇನೆ. ಸಂಕೇಶ್ವರದ್ದು ತಿಂದು ಕಣ್ಣೀರಿಟ್ಟವರು ಮತ್ತೆ ಬೆಲ್ಲಕ್ಕೂ ಬರುವುದಿಲ್ಲ.

ರೊಕ್ಕ ಹಾಕಿದ ಸ್ಕ್ರೀನ್‌ಶಾಟ್ ನಂಬಬೇಡಿ, ಬ್ಯಾಂಕಿನ ಖಾತೆ ನೋಡಿ. ಮೋಸವಾದರೆ ಸೈಬರ್ ಸಹಾಯವಾಣಿ 1930ಕ್ಕೆ ಕೂಡಲೇ ಫೋನ್ ಮಾಡಿ. ತಿನ್ನುವ ಪದಾರ್ಥವಾದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿ. ನಾನು ಮಾಡಿಸಿದಾಗ ವರ್ಷಕ್ಕೆ 100 ರೂಪಾಯಿ ಇತ್ತು. 14 ಅಂಕಿಯ ಆ ನಂಬರ್ ಲೇಬಲ್ ಮೇಲಿದ್ದರೆ ದೂರದ ಗಿರಾಕಿಗೆ ಧೈರ್ಯ. ಮಳೆಗಾಲದಲ್ಲಿ ಎಲ್ಲ ಪಾರ್ಸೆಲ್ ಒಂದೇ ಕೊರಿಯರಿಗೆ, ಒಂದೇ ದಿನ ಹಾಕಬೇಡಿ. ಅರ್ಧ ಅಂಚೆಗೆ ಹಾಕಿ. ರಸೀದಿಯ ಹಿಂಭಾಗ ಓದದೆ ಸಹಿ ಮಾಡಬೇಡಿ.

ನಮ್ಮ ಭಾವನವರೂ ಈಗ ಅಂಗಡಿಯ ಮಾಲನ್ನು ವಾಟ್ಸ್‌ಆ್ಯಪ್‌ನಲ್ಲಿ ಮಾರುತ್ತಾರೆ. ಕ್ಯಾಟಲಾಗ್ ಮಾಡುವುದು, ಲೇಬಲ್ ಹಚ್ಚುವುದು ಎಲ್ಲ ನಾನೇ ಹೇಳಿಕೊಟ್ಟೆ. ಮೊನ್ನೆ “ನಿನ್ನ ಗಿರಾಕಿ ವಹಿ ಒಂದೆರಡ ದಿನ ಕೊಡವಾ” ಎಂದರು. ಕೊಟ್ಟಿಲ್ಲ.